ಐಇಎಲ್‌ಟಿಎಸ್: ಓದು ಮತ್ತು ಬರವಣಿಗೆ ವಿಭಾಗಗಳ ಸಿದ್ಧತೆ

ಇಂಗ್ಲಿಷ್ ಮಾತೃಭಾಷೆಯಲ್ಲದವರು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್‌ಗಳಲ್ಲಿ ಓದಲು, ದುಡಿಯಲು ಅಥವಾ ನೆಲೆಸಲು ಹೊರಟಾಗ ತಮ್ಮ ಇಂಗ್ಲಿಷಿಗೆ ಪುರಾವೆ ಕೊಡಬೇಕಾಗುತ್ತದೆ. ಆ ಪುರಾವೆಯಾಗಿ ಅತಿ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗಳಲ್ಲಿ ಐಇಎಲ್‌ಟಿಎಸ್ ಒಂದು. ಇಂಟರ್‌ನ್ಯಾಷನಲ್ ಇಂಗ್ಲಿಷ್ ಲ್ಯಾಂಗ್ವೇಜ್ ಟೆಸ್ಟಿಂಗ್ ಸಿಸ್ಟಮ್ ಎಂಬುದು ಪೂರ್ಣ ಹೆಸರು. ಬೆಂಗಳೂರಿನ ಕೋಚಿಂಗ್ ಸೆಂಟರುಗಳಲ್ಲಿ ಎಲ್ಲರ ಬಾಯಲ್ಲೂ ಅದು ‘ಐಲ್ಟ್ಸ್’. ಆಲಿಕೆ, ಓದು, ಬರವಣಿಗೆ, ಮಾತು ಎಂದು ನಾಲ್ಕು ವಿಭಾಗಗಳಿದ್ದು, ಪ್ರತಿಯೊಂದಕ್ಕೂ ಸೊನ್ನೆಯಿಂದ 9ರವರೆಗೆ, ಅರ್ಧರ್ಧ ಮೆಟ್ಟಿಲಿನಲ್ಲಿ, ‘ಬ್ಯಾಂಡ್’ ಕೊಡುತ್ತಾರೆ. ಪರೀಕ್ಷೆ ನಡೆಸುವ ಸಂಸ್ಥೆಗಳೇ ಪ್ರಕಟಿಸುವ ಜಾಗತಿಕ ಸರಾಸರಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕೊನೆಯ ಸ್ಥಾನದಲ್ಲಿರುವುದು ಬರವಣಿಗೆ. ಓದಿನಲ್ಲಿ 7.5 ತೆಗೆದವರು ಬರವಣಿಗೆಯಲ್ಲಿ 6ಕ್ಕೆ ನಿಲ್ಲುವುದು ಇಲ್ಲಿ ದಿನನಿತ್ಯದ ಕಥೆ.

ಈ ಪರೀಕ್ಷೆಯಲ್ಲಿ ಪಾಸು, ಫೇಲು ಎಂಬುದಿಲ್ಲ. ಎಷ್ಟು ಬ್ಯಾಂಡ್ ಸಾಕು ಎಂಬುದು ಪ್ರಮಾಣಪತ್ರ ಕೇಳುವವರಿಗೆ ಬಿಟ್ಟದ್ದು. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಕೋರ್ಸುಗಳಿಗೆ ಒಟ್ಟು 6.5 ಇರಬೇಕು, ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಎನ್ನುತ್ತವೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವಲಸೆ ವ್ಯವಸ್ಥೆಯಲ್ಲಿ ಭಾಷೆಗೆ ಹೆಚ್ಚು ಅಂಕ ತರುವುದು ಸಿಎಲ್‌ಬಿ ಎಂಬ ಅಲ್ಲಿನ ಭಾಷಾ ಮಾಪಕದ 9ನೇ ಹಂತ; ಅದನ್ನು ಮುಟ್ಟಲು ಆಲಿಕೆಯಲ್ಲಿ 8, ಉಳಿದ ಮೂರರಲ್ಲಿ 7 ಬೇಕು. ನಾಲ್ಕರ ಸರಾಸರಿ 6.25 ಬಂದರೆ ಅದನ್ನು 6.5ಕ್ಕೆ, 6.75 ಬಂದರೆ 7ಕ್ಕೆ ಏರಿಸುವ ಉದಾರ ನಿಯಮವೊಂದಿದೆ. ವಿಭಾಗವಾರು ಷರತ್ತು ಇದ್ದ ಕಡೆ ಅದರಿಂದ ಪ್ರಯೋಜನವಿಲ್ಲ.

ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಹೊರದೇಶದ ನರ್ಸುಗಳಿಂದ ಅದು ನಾಲ್ಕೂ ವಿಭಾಗಗಳಲ್ಲಿ 7 ಕೇಳುತ್ತಿತ್ತು. ವಾರ್ಡಿನಲ್ಲಿ ವರ್ಷಗಟ್ಟಲೆ ಕೇಸ್‌ಶೀಟನ್ನು ಇಂಗ್ಲಿಷಿನಲ್ಲೇ ಬರೆದ ಅನುಭವಿಗಳೂ ಪ್ರಬಂಧದಲ್ಲಿ ಅರ್ಧ ಬ್ಯಾಂಡಿನಿಂದ ಹಿಂದೆ ಬೀಳುತ್ತಿದ್ದರು. 2018ರ ಡಿಸೆಂಬರಿನಲ್ಲಿ ಕೌನ್ಸಿಲ್ ಬರವಣಿಗೆಯ ಮಿತಿಯನ್ನು ಮಾತ್ರ 6.5ಕ್ಕೆ ಇಳಿಸಿತು. ಮಂಗಳೂರು, ಉಡುಪಿ, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ಹೊರಬಂದವರ ಮಟ್ಟಿಗೆ ಆ ಅರ್ಧ ಬ್ಯಾಂಡ್ ಸಣ್ಣ ಸುದ್ದಿಯಾಗಿರಲಿಲ್ಲ.

ಹಿನ್ನೆಲೆ

ಇಂಗ್ಲಿಷ್ ಪರಭಾಷೆಯಾದವರಿಗಾಗಿ ಕೇಂಬ್ರಿಜ್ ತನ್ನ ಮೊದಲ ಪರೀಕ್ಷೆ ನಡೆಸಿದ್ದು 1913ರಲ್ಲಿ. ಕೂತವರು ಮೂವರು, ಮೂವರೂ ಫೇಲು. ಆ ಕಾಲದ ಪರೀಕ್ಷೆ ಅನುವಾದ, ವ್ಯಾಕರಣ, ಸಾಹಿತ್ಯ, ಪ್ರಬಂಧ, ಉಚ್ಚಾರಣೆ ಎಲ್ಲವನ್ನೂ ಒಟ್ಟಿಗೆ ಅಳೆಯುವ ಪಾಂಡಿತ್ಯದ ಪರೀಕ್ಷೆಯಾಗಿತ್ತು. ಬ್ರಿಟನ್ನಿಗೆ ಓದಲು ಬರುವವನಿಗೆ ತರಗತಿಯ ಪುಸ್ತಕ ಅರ್ಥವಾಗುತ್ತದೆಯೇ ಎಂಬ ವ್ಯಾವಹಾರಿಕ ಪ್ರಶ್ನೆ ಮುಂದೆ ಬಂದದ್ದು ಅರವತ್ತರ ದಶಕದಲ್ಲಿ. ಬ್ರಿಟಿಷ್ ಕೌನ್ಸಿಲ್‌ಗಾಗಿ ಅಲನ್ ಡೇವಿಸ್ ರೂಪಿಸಿದ ಪರೀಕ್ಷೆ ಆಗ ಬಳಕೆಗೆ ಬಂತು. ಓದು, ಆಲಿಕೆಗಳನ್ನು ಅದು ಆಯ್ಕೆ ಪ್ರಶ್ನೆಗಳ ಮೂಲಕ ಅಳೆಯುತ್ತಿತ್ತು. ಅಭ್ಯರ್ಥಿಯಿಂದ ಏನನ್ನೂ ಬರೆಸುತ್ತಿರಲಿಲ್ಲ.

1980ರಲ್ಲಿ ಅದರ ಜಾಗಕ್ಕೆ ಇಎಲ್‌ಟಿಎಸ್ ಬಂತು. ವೈದ್ಯನಾಗುವವನಿಗೆ ವೈದ್ಯಕೀಯದ ಪಠ್ಯ, ಎಂಜಿನಿಯರಿಗೆ ತಂತ್ರಜ್ಞಾನದ ಪಠ್ಯ ಎಂದು ವಿಷಯವಾರು ಪತ್ರಿಕೆಗಳಿದ್ದವು. ಬ್ರಿಟಿಷ್ ಕೌನ್ಸಿಲ್, ಕೇಂಬ್ರಿಜ್‌ನ ಪರೀಕ್ಷಾ ಮಂಡಳಿ ಮತ್ತು ಆಸ್ಟ್ರೇಲಿಯಾದ ಐಡಿಪಿ ಸೇರಿ 1989ರಲ್ಲಿ ಅದನ್ನು ಐಇಎಲ್‌ಟಿಎಸ್ ಆಗಿ ಮಾರ್ಪಡಿಸಿದಾಗ ಈ ವಿಷಯಗಳು ಮೂರಕ್ಕೆ ಇಳಿದವು. ಆಗ ಓದು ಮತ್ತು ಬರವಣಿಗೆಗೆ ನಂಟೂ ಇತ್ತು: ಓದಿದ ಪಠ್ಯದ ಆಧಾರದ ಮೇಲೆಯೇ ಬರೆಯಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ನಡೆಯುವುದೂ ಅದೇ ಎನ್ನುವುದು ಸಮರ್ಥನೆ. ಆದರೆ ಓದಿನಲ್ಲಿ ಎಡವಿದವನು ಬರವಣಿಗೆಯಲ್ಲೂ ಬೀಳುತ್ತಿದ್ದ. ಪಠ್ಯದ ವಾಕ್ಯವನ್ನೇ ಎತ್ತಿ ಬರೆದವನಿಗೆ ಎಷ್ಟು ಅಂಕ ಕೊಡಬೇಕೆಂಬ ಗೊಂದಲವೂ ಇತ್ತು. 1995ರ ಪರಿಷ್ಕರಣೆಯಲ್ಲಿ ವಿಷಯವಾರು ಪತ್ರಿಕೆಗಳು ಹೋದವು, ಆ ನಂಟೂ ಕಡಿಯಿತು. ಇಂದಿನ ಅಭ್ಯರ್ಥಿ ಓದನ್ನೂ ಬರವಣಿಗೆಯನ್ನೂ ಎರಡು ಬೇರೆ ಬೇರೆ ವಿದ್ಯೆಗಳೆಂಬಂತೆ ಕಲಿಯುವುದಕ್ಕೆ ಈ ವಿಚ್ಛೇದವೂ ಒಂದು ಕಾರಣ. ತಯಾರಿಯ ದೃಷ್ಟಿಯಿಂದ ಅದು ನಷ್ಟವೇ.

ಪರೀಕ್ಷೆಗೆ ಈಗ ಎರಡು ರೂಪಗಳಿವೆ. ಉನ್ನತ ಶಿಕ್ಷಣಕ್ಕೆ ಮತ್ತು ಅನೇಕ ವೃತ್ತಿಪರ ನೋಂದಣಿಗಳಿಗೆ ಅಕಾಡೆಮಿಕ್. ವಲಸೆ ಮತ್ತು ಉದ್ಯೋಗಕ್ಕೆ ಹೆಚ್ಚಾಗಿ ಜನರಲ್ ಟ್ರೈನಿಂಗ್. ಆಲಿಕೆ, ಮಾತು ಎರಡರಲ್ಲೂ ಒಂದೇ. ವ್ಯತ್ಯಾಸವಿರುವುದು ಓದು ಮತ್ತು ಬರವಣಿಗೆಯಲ್ಲಿ ಮಾತ್ರ. ತಪ್ಪು ರೂಪಕ್ಕೆ ಶುಲ್ಕ ಕಟ್ಟಿ ಒಳ್ಳೆಯ ಬ್ಯಾಂಡ್ ತೆಗೆದರೂ ಅದು ಅರ್ಜಿಗೆ ಉಪಯೋಗವಾಗದು. ಆದ್ದರಿಂದ ಸಿದ್ಧತೆಯ ಮೊದಲ ಹೆಜ್ಜೆ ತಾನು ಅರ್ಜಿ ಹಾಕುವ ಸಂಸ್ಥೆ ಕೇಳುವುದು ಯಾವುದನ್ನು ಎಂದು ನೋಡಿಕೊಳ್ಳುವುದು. ಭಾರತದಲ್ಲಿ 2021ರವರೆಗೆ ಬ್ರಿಟಿಷ್ ಕೌನ್ಸಿಲ್ ಮತ್ತು ಐಡಿಪಿ ಎರಡೂ ಪರೀಕ್ಷೆ ನಡೆಸುತ್ತಿದ್ದವು. ಆ ವರ್ಷ ಐಡಿಪಿ 13 ಕೋಟಿ ಪೌಂಡ್ ಕೊಟ್ಟು ಬ್ರಿಟಿಷ್ ಕೌನ್ಸಿಲ್‌ನ ಭಾರತದ ಐಇಎಲ್‌ಟಿಎಸ್ ವ್ಯವಹಾರವನ್ನು ಕೊಂಡಿತು. ಈ ಮೊತ್ತವೊಂದೇ ಸಾಕು, ವಿದೇಶದ ಕನಸಿಗೆ ಈ ನೆಲದಲ್ಲಿ ಎಂಥ ಮಾರುಕಟ್ಟೆಯಿದೆ ಎಂದು ತಿಳಿಯಲು.

ಓದು

ಓದಿನ ವಿಭಾಗಕ್ಕೆ 60 ನಿಮಿಷ, 40 ಪ್ರಶ್ನೆ. ಅಕಾಡೆಮಿಕ್‌ನಲ್ಲಿ ಮೂರು ಉದ್ದದ ಪ್ಯಾಸೇಜುಗಳು. ಒಟ್ಟು 2,150ರಿಂದ 2,750 ಪದ. ಪುಸ್ತಕ, ನಿಯತಕಾಲಿಕೆ, ಪತ್ರಿಕೆಗಳಿಂದ ಆಯ್ದ ಇವು ವಿಷಯತಜ್ಞರಿಗಾಗಿ ಬರೆದವಲ್ಲ. ಜೇನುನೊಣದ ನಡವಳಿಕೆ, ಗಾಜಿನ ಇತಿಹಾಸ, ಮಕ್ಕಳ ನೆನಪಿನ ಶಕ್ತಿ, ಹೀಗೆ ಯಾವುದೂ ಬರಬಹುದು. ಒಂದರಲ್ಲಾದರೂ ಸರಪಳಿಯಾಗಿ ಬೆಳೆಯುವ ವಾದ ಇರುತ್ತದೆ. ಜನರಲ್ ಟ್ರೈನಿಂಗ್‌ನಲ್ಲಿ ಮೊದಲಿಗೆ ಜಾಹೀರಾತು, ಸೂಚನೆ, ವೇಳಾಪಟ್ಟಿಗಳು, ನಂತರ ಕೆಲಸದ ಜಾಗಕ್ಕೆ ಸಂಬಂಧಿಸಿದ ಬರಹಗಳು, ಕೊನೆಗೆ ಒಂದು ದೀರ್ಘ ಪಠ್ಯ. ಪಠ್ಯ ಸುಲಭವಿರುವುದರಿಂದ ಅಂಕಗಳ ಅಳತೆಗೋಲು ಬಿಗಿಯಾಗಿರುತ್ತದೆ: ಅಕಾಡೆಮಿಕ್‌ನಲ್ಲಿ 40ಕ್ಕೆ 30 ಸರಿಯಾದರೆ ಸುಮಾರು 7ನೇ ಬ್ಯಾಂಡ್, ಜನರಲ್‌ನಲ್ಲಿ ಅದೇ 30ಕ್ಕೆ ಸುಮಾರು 6.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಖಾಲಿ ಬಿಡುವುದರಲ್ಲಿ ಅರ್ಥವಿಲ್ಲ. ಸ್ಪೆಲಿಂಗ್ ತಪ್ಪಿದರೆ ಅಂಕ ಇಲ್ಲ. ‘ಎರಡು ಪದ ಮೀರಬಾರದು’ ಎಂದಿದ್ದ ಕಡೆ ಮೂರು ಬರೆದರೂ ಇಲ್ಲ. ಕಾಗದದ ಪರೀಕ್ಷೆಯ ಆಲಿಕೆ ವಿಭಾಗದಲ್ಲಿ ಉತ್ತರಗಳನ್ನು ಹಾಳೆಗೆ ಎತ್ತಿ ಬರೆಯಲು ಹತ್ತು ನಿಮಿಷ ಕೊಡುತ್ತಾರೆ, ಓದಿನಲ್ಲಿ ಕೊಡುವುದಿಲ್ಲ. ಇದು ಗೊತ್ತಿಲ್ಲದೆ ಪ್ರಶ್ನೆಪತ್ರಿಕೆಯ ಮೇಲೆಯೇ ಉತ್ತರ ಬರೆದುಕೊಂಡು ಕೂತವರು ಕೊನೆಯ ನಿಮಿಷದಲ್ಲಿ ಬೆವರುತ್ತಾರೆ.

ಪ್ರಶ್ನೆಗಳಲ್ಲಿ ಹತ್ತು ಹನ್ನೊಂದು ಬಗೆ. ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವುದು, ಸಾರಾಂಶದ ಖಾಲಿ ಜಾಗ ತುಂಬುವುದು, ಯಾವ ಸಂಶೋಧಕ ಏನೆಂದ ಎಂದು ಗುರುತಿಸುವುದು ಇತ್ಯಾದಿ. ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡವುವುದು ‘ಟ್ರೂ, ಫಾಲ್ಸ್, ನಾಟ್ ಗಿವನ್’. ಮೂರನೆಯ ಆಯ್ಕೆಯಲ್ಲೇ ಪರೀಕ್ಷೆಯ ಇಡೀ ಧೋರಣೆ ಅಡಗಿದೆ. ಉದಾಹರಣೆಗೆ ಪ್ಯಾಸೇಜಿನಲ್ಲಿ ಹೀಗಿದೆ ಎಂದಿಟ್ಟುಕೊಳ್ಳಬಹುದು: ‘ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸತೊಡಗಿತು, ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು 1905ರಲ್ಲಿ.’ ಇದರ ಕೆಳಗೆ ಮೂರು ಹೇಳಿಕೆಗಳು. ‘ವಿದ್ಯುತ್ ಬೆಂಗಳೂರಿಗಿಂತ ಮೊದಲು ಗಣಿಗಳಿಗೆ ತಲುಪಿತು’ ಎಂಬುದು ಟ್ರೂ. ‘ಕೇಂದ್ರದ ವಿದ್ಯುತ್ ಮೊದಲು ಬಳಕೆಯಾದದ್ದು ಬೆಂಗಳೂರಿನ ಬೀದಿದೀಪಗಳಿಗೆ’ ಎಂಬುದು ಫಾಲ್ಸ್, ಏಕೆಂದರೆ ಪಠ್ಯ ಅದಕ್ಕೆ ನೇರ ವಿರುದ್ಧವಾದುದನ್ನು ಹೇಳುತ್ತದೆ. ಮೂರನೆಯದು, ‘ಈ ಯೋಜನೆಯ ಹಿಂದೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಪಾತ್ರವಿತ್ತು’. ಕರ್ನಾಟಕದ ಇತಿಹಾಸ ಓದಿದವರು ಥಟ್ಟನೆ ಟ್ರೂ ಎನ್ನುತ್ತಾರೆ. ಇತಿಹಾಸದ ಪ್ರಕಾರ ಅದು ಸರಿ, ಪರೀಕ್ಷೆಯ ಪ್ರಕಾರ ತಪ್ಪು. ಆ ಎರಡು ಸಾಲುಗಳಲ್ಲಿ ದಿವಾನರ ಸುದ್ದಿಯೇ ಇಲ್ಲ. ಉತ್ತರ ನಾಟ್ ಗಿವನ್.

ಹೆಚ್ಚು ತಿಳಿದವರೇ ಇಲ್ಲಿ ಎಡವುತ್ತಾರೆ. ಪಠ್ಯದ ಮೇಲೆ ಬೆರಳಿಟ್ಟು ‘ಇಗೋ ಇಲ್ಲಿದೆ’ ಎಂದು ತೋರಿಸಲಾಗದ ಉತ್ತರ ಉತ್ತರವೇ ಅಲ್ಲ ಎಂಬ ಶಿಸ್ತು ಓದಿನ ಸಿದ್ಧತೆಯ ಅರ್ಧ ಭಾಗ. ಮಾದರಿ ಪತ್ರಿಕೆ ಮುಗಿಸಿ ಅಂಕ ಎಣಿಸಿ ಪುಸ್ತಕ ಮುಚ್ಚುವವರು ಈ ಶಿಸ್ತನ್ನು ಕಲಿಯುವುದಿಲ್ಲ. ತಪ್ಪಿದ ಪ್ರತಿ ಪ್ರಶ್ನೆಗೂ ಪಠ್ಯದ ಯಾವ ವಾಕ್ಯ ಉತ್ತರ ಕೊಡುತ್ತಿತ್ತು, ಆ ವಾಕ್ಯದ ಪದಗಳನ್ನು ಪ್ರಶ್ನೆಯಲ್ಲಿ ಹೇಗೆ ಬದಲಿಸಿದ್ದಾರೆ ಎಂದು ಗೆರೆ ಹಾಕಿ ನೋಡುವವರು ಕಲಿಯುತ್ತಾರೆ. ಪಠ್ಯದಲ್ಲಿ ‘ಇಳಿಮುಖವಾಯಿತು’ ಎಂದಿದ್ದರೆ ಪ್ರಶ್ನೆಯಲ್ಲಿ ‘ಮೊದಲಿನಷ್ಟು ಉಳಿಯಲಿಲ್ಲ’ ಎಂದಿರುತ್ತದೆ. ಪರೀಕ್ಷೆ ಅಳೆಯುವುದು ಈ ವೇಷಾಂತರವನ್ನು ಗುರುತಿಸುವ ಕಣ್ಣನ್ನು.

ಎರಡನೆಯ ಅರ್ಧ ಶಬ್ದಸಂಪತ್ತು ಮತ್ತು ವೇಗ. ಗೊತ್ತಿಲ್ಲದ ಪದಕ್ಕೆ ನಿಂತು ತಲೆಕೆಡಿಸಿಕೊಳ್ಳುವವರಿಗೆ ಮೂರನೆಯ ಪ್ಯಾಸೇಜಿಗೆ ಸಮಯ ಸಿಗದು. ಮೂರರಲ್ಲಿ ಸಾಮಾನ್ಯವಾಗಿ ಅದೇ ಕಠಿಣ. ಆದ್ದರಿಂದ ಅನುಭವಿ ಶಿಕ್ಷಕರು ಸಮಯವನ್ನು ಸಮನಾಗಿ ಹಂಚದೆ ಮೊದಲನೆಯದಕ್ಕೆ ಹದಿನೈದು, ಎರಡನೆಯದಕ್ಕೆ ಇಪ್ಪತ್ತು, ಕೊನೆಯದಕ್ಕೆ ಇಪ್ಪತ್ತೈದು ನಿಮಿಷ ಇಟ್ಟುಕೊಳ್ಳಲು ಹೇಳುತ್ತಾರೆ. ಪದಗಳ ವಿಚಾರದಲ್ಲಿ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಬಹಳ ಉಪಯುಕ್ತ. ಅದರಲ್ಲಿರುವುದು 570 ಪದಕುಟುಂಬಗಳು ಮಾತ್ರ. ಆದರೆ ವಿಷಯ ಯಾವುದೇ ಇರಲಿ, ಶೈಕ್ಷಣಿಕ ಬರಹದ ಸುಮಾರು ಹತ್ತನೆಯ ಒಂದು ಭಾಗ ಈ ಪದಗಳಿಂದಲೇ ಆಗಿರುತ್ತದೆ ಎಂದು ಅವರು ತೋರಿಸಿದರು. ಸಾವಿರಾರು ಅಪರೂಪದ ಪದಗಳ ದಪ್ಪ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಸಣ್ಣ ಪಟ್ಟಿಯ ಪದಗಳನ್ನು ವಾಕ್ಯಗಳಲ್ಲಿ ಕಂಡು ಗುರುತು ಹಿಡಿಯುವುದು ಲಾಭದಾಯಕ. ದಪ್ಪ ಪಟ್ಟಿಯ ಚಟ ಅಮೆರಿಕದ ಜಿಆರ್‌ಇ ಪರೀಕ್ಷೆಯ ಕಾಲದಿಂದ ಬೆಂಗಳೂರಿನ ಎಂಜಿನಿಯರಿಂಗ್ ಹಾಸ್ಟೆಲುಗಳಿಗೆ ಅಂಟಿಕೊಂಡದ್ದು. ಐಇಎಲ್‌ಟಿಎಸ್‌ಗೆ ಅದು ಬೇಕಿಲ್ಲ.

ಬರವಣಿಗೆ

ಬರವಣಿಗೆಗೂ 60 ನಿಮಿಷ. ಮೊದಲ ಟಾಸ್ಕ್‌ನಲ್ಲಿ ಕನಿಷ್ಠ 150 ಪದ, ಎರಡನೆಯದರಲ್ಲಿ ಕನಿಷ್ಠ 250. ಎರಡನೆಯದಕ್ಕೆ ಮೊದಲನೆಯದರ ಇಮ್ಮಡಿ ತೂಕ. ಇಪ್ಪತ್ತು ನಿಮಿಷ, ನಲವತ್ತು ನಿಮಿಷ ಎಂಬ ಹಂಚಿಕೆಯೂ ಅದಕ್ಕೆ ತಕ್ಕಂತೆ. ಮೌಲ್ಯಮಾಪನ ನಾಲ್ಕು ಮಾನದಂಡಗಳ ಮೇಲೆ: ಕೇಳಿದ್ದಕ್ಕೆ ಪೂರ್ತಿ ಉತ್ತರಿಸಿದ್ದಾರೆಯೇ, ವಿಚಾರಗಳು ಒಂದರಿಂದೊಂದು ಸರಾಗವಾಗಿ ಹರಿಯುತ್ತವೆಯೇ, ಪದಸಂಪತ್ತು ಎಂಥದು, ವ್ಯಾಕರಣ ಎಷ್ಟು ವೈವಿಧ್ಯಮಯ, ಎಷ್ಟು ನಿರ್ದುಷ್ಟ. ನಾಲ್ಕಕ್ಕೂ ಸಮಪಾಲು. ಯಾವ ಬ್ಯಾಂಡಿಗೆ ಏನು ನಿರೀಕ್ಷೆ ಎಂಬ ವಿವರಣೆಯನ್ನು ಸಂಸ್ಥೆಗಳು ಸಾರ್ವಜನಿಕವಾಗಿ ಪ್ರಕಟಿಸಿವೆ. 2023ರಲ್ಲಿ ಅದನ್ನು ಪರಿಷ್ಕರಿಸಿವೆ. ಪರೀಕ್ಷಕನ ಕೈಯಲ್ಲಿರುವ ಅಳತೆಗೋಲೇ ಅಭ್ಯರ್ಥಿಗೂ ಉಚಿತವಾಗಿ ಸಿಗುವುದು ಪರೀಕ್ಷೆಗಳ ಲೋಕದಲ್ಲಿ ಸಣ್ಣ ಅನುಕೂಲವಲ್ಲ. ಸಾವಿರಾರು ರೂಪಾಯಿ ಕೊಟ್ಟು ‘ಬ್ಯಾಂಡ್ 8 ಪ್ರಬಂಧಗಳು’ ಎಂಬ ಫೈಲು ಕೊಳ್ಳುವವರಲ್ಲಿ ಎಷ್ಟು ಜನ ಆ ಕೆಲವೇ ಪುಟಗಳನ್ನು ಓದಿರುತ್ತಾರೆ ಎಂಬುದು ಬೇರೆ ಮಾತು.

ಅಕಾಡೆಮಿಕ್‌ನ ಮೊದಲ ಟಾಸ್ಕ್‌ನಲ್ಲಿ ಗ್ರಾಫ್, ಕೋಷ್ಟಕ, ನಕ್ಷೆ ಅಥವಾ ಒಂದು ಪ್ರಕ್ರಿಯೆಯ ಚಿತ್ರ ಕೊಟ್ಟು ವಿವರಿಸಲು ಹೇಳುತ್ತಾರೆ. ಜನಗಣತಿಯ ಅಂಕಿಗಳನ್ನೇ ತೆಗೆದುಕೊಂಡರೆ, ಕರ್ನಾಟಕದ ಸಾಕ್ಷರತೆ 2001ರಲ್ಲಿ ಪುರುಷರಲ್ಲಿ ಶೇ. 76.10, ಮಹಿಳೆಯರಲ್ಲಿ ಶೇ. 56.87 ಇತ್ತು, 2011ರಲ್ಲಿ ಕ್ರಮವಾಗಿ ಶೇ. 82.47 ಮತ್ತು ಶೇ. 68.08. ಈ ನಾಲ್ಕು ಅಂಕಿಗಳನ್ನು ಒಂದಾದ ಮೇಲೊಂದರಂತೆ ವಾಕ್ಯಗಳಿಗೆ ಇಳಿಸುವುದು 5ನೇ ಬ್ಯಾಂಡಿನ ಬರವಣಿಗೆ. ಎರಡೂ ಏರಿವೆ, ಮಹಿಳೆಯರದ್ದು ವೇಗವಾಗಿ ಏರಿದೆ, ಆದ್ದರಿಂದ ನಡುವಿನ ಅಂತರ ಸುಮಾರು 19 ಅಂಶಗಳಿಂದ 14ಕ್ಕೆ ಇಳಿದಿದೆ, ಆದರೂ ಪುರುಷರೇ ಮುಂದಿದ್ದಾರೆ: ಹೀಗೆ ಒಟ್ಟು ನೋಟವನ್ನು ಮೊದಲು ಹಿಡಿದು ಆಮೇಲೆ ಅಂಕಿಗಳನ್ನು ಪುರಾವೆಯಾಗಿ ಕೊಡುವುದು 7ರ ಕಡೆಗಿನ ದಾರಿ. ಈ ಒಟ್ಟು ನೋಟಕ್ಕೆ ‘ಓವರ್‌ವ್ಯೂ’ ಎನ್ನುತ್ತಾರೆ; ಅದಿಲ್ಲದೆ ಮೊದಲ ಮಾನದಂಡದಲ್ಲಿ ಮೇಲೇರುವುದು ಕಷ್ಟ. ಅಂತರ ಇಳಿದದ್ದಕ್ಕೆ ಯಾವ ಸರ್ಕಾರಿ ಯೋಜನೆ ಕಾರಣ ಎಂದು ವಿಶ್ಲೇಷಿಸಹೊರಟರೆ ಅದೂ ತಪ್ಪು. ಇಲ್ಲಿಯೂ ಕೊಟ್ಟದ್ದರ ಆಚೆ ಹೋಗುವಂತಿಲ್ಲ.

ಜನರಲ್ ಟ್ರೈನಿಂಗ್‌ನಲ್ಲಿ ಇದರ ಬದಲು ಪತ್ರ. ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ಪತ್ರಲೇಖನ ಹೊಸದಲ್ಲ: ‘ಇವರಿಂದ’, ‘ಇವರಿಗೆ’, ‘ವಿಷಯ’, ‘ಮಾನ್ಯರೇ’, ಆಮೇಲೆ ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ತಂದುಕೊಡುವ ಈ ಚೌಕಟ್ಟು ಇಲ್ಲಿ ಕಾಲಿಗೆ ತೊಡಕಾಗುತ್ತದೆ. ವಿಳಾಸ ಬರೆಯಬೇಕಿಲ್ಲ ಎಂದು ಪ್ರಶ್ನೆಯಲ್ಲೇ ಸ್ಪಷ್ಟವಾಗಿ ಹೇಳಿರುತ್ತದೆ. ಪ್ರಶ್ನೆಯಲ್ಲಿ ಮೂರು ಅಂಶಗಳನ್ನು ಕೊಟ್ಟಿರುತ್ತಾರೆ, ಮೂರನ್ನೂ ಮುಟ್ಟಬೇಕು. ಮನೆ ಮಾಲೀಕನಿಗೆ ದೂರು, ಗೆಳೆಯನಿಗೆ ಆಹ್ವಾನ, ಮ್ಯಾನೇಜರಿಗೆ ರಜೆಯ ಕೋರಿಕೆ, ಇವುಗಳ ಧಾಟಿ ಬೇರೆ ಬೇರೆಯಾಗಿರಬೇಕು. ಭಾರತೀಯ ಕಚೇರಿಗಳ ಹಳೆಯ ಅರ್ಜಿ ಇಂಗ್ಲಿಷಿನಲ್ಲಿ ಗೆಳೆಯನನ್ನೂ ‘ಕೃಪೆಯಿಟ್ಟು ಪರಿಶೀಲಿಸಬೇಕಾಗಿ’ ಕೇಳಿಕೊಂಡರೆ ಧಾಟಿಗಿರುವ ಅಂಕ ಹೋಗುತ್ತದೆ.

ಎರಡನೆಯ ಟಾಸ್ಕ್ ಪ್ರಬಂಧ. ಒಂದು ಅಭಿಪ್ರಾಯವನ್ನು ಒಪ್ಪುತ್ತೀರಾ ಎಂದು, ಎರಡು ಪಕ್ಷಗಳನ್ನೂ ಚರ್ಚಿಸಿ ಎಂದು, ಸಮಸ್ಯೆಗೆ ಕಾರಣ ಮತ್ತು ಪರಿಹಾರ ಹೇಳಿ ಎಂದು ಕೇಳುತ್ತಾರೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಕನ್ನಡ ಪಾಠದ ವಿಭಾಗ ಇಲ್ಲಿಯೂ ನಡೆಯುತ್ತದೆ. ಅದರೊಂದಿಗೆ ಬರುವ ‘ಇಂದಿನ ವೈಜ್ಞಾನಿಕ ಯುಗದಲ್ಲಿ’ ಎಂಬ ಬಗೆಯ ಪೀಠಿಕೆ ಮಾತ್ರ ನಡೆಯುವುದಿಲ್ಲ. ಪರೀಕ್ಷಕ ಹುಡುಕುವುದು ನಿಲುವನ್ನು. ಬರೆಯುವವರ ನಿಲುವು ಏನು, ಅದು ಮೊದಲಿಂದ ಕೊನೆಯವರೆಗೆ ಸ್ಥಿರವಾಗಿದೆಯೇ, ಪ್ರತಿ ಪ್ಯಾರಾದ ಮುಖ್ಯ ವಿಚಾರಕ್ಕೆ ವಿವರಣೆ ಅಥವಾ ಉದಾಹರಣೆಯ ಆಸರೆ ಇದೆಯೇ? ‘ವಿಶ್ವವಿದ್ಯಾಲಯ ಶಿಕ್ಷಣ ಎಲ್ಲರಿಗೂ ಉಚಿತವಾಗಿರಬೇಕೇ’ ಎಂಬ ಪ್ರಶ್ನೆಗೆ ಶಿಕ್ಷಣದ ಮಹತ್ವದ ಮೇಲೆ ಎಷ್ಟು ಸೊಗಸಾಗಿ ಬರೆದರೂ ಅದು ಕೇಳಿದ್ದಕ್ಕೆ ಉತ್ತರವಲ್ಲ. ಒಳ್ಳೆಯ ಇಂಗ್ಲಿಷ್ ಬರುವವರೂ 6ರಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲಿ. ಅವರು ವ್ಯಾಕರಣ ಪುಸ್ತಕಕ್ಕೆ ಮರಳುತ್ತಾರೆ. ದೋಷವಿದ್ದದ್ದು ಪ್ರಶ್ನೆಯನ್ನು ಓದಿದ ರೀತಿಯಲ್ಲಿ. ಓದಿನ ವಿಭಾಗದ ಅಭ್ಯಾಸ ಬರವಣಿಗೆಗೆ ನೇರವಾಗಿ ಒದಗುವ ಜಾಗವೂ ಇದೇ.

ಟೆಂಪ್ಲೇಟುಗಳ ವ್ಯಾಪಾರ ಈ ವಿಭಾಗದ ಸುತ್ತಲೇ ಬೆಳೆದಿದೆ. ಯಾವ ವಿಷಯಕ್ಕೂ ಹೊಂದುವಂತೆ ಖಾಲಿ ಜಾಗ ಬಿಟ್ಟ ವಾಕ್ಯಗಳು, ಪ್ರತಿ ವಾಕ್ಯದ ತಲೆಗೊಂದು ‘ಮೋರೋವರ್’, ‘ಫರ್ದರ್‌ಮೋರ್’. ಬ್ಯಾಂಡ್ ವಿವರಣೆ ಇದನ್ನು ಮೊದಲೇ ಊಹಿಸಿದೆ. ಜೋಡಣೆ ಪದಗಳ ಅತಿಬಳಕೆ ಕೆಳಗಿನ ಬ್ಯಾಂಡುಗಳ ಲಕ್ಷಣವೆಂದು ಅದರಲ್ಲಿ ದಾಖಲಾಗಿದೆ. ಉತ್ತರ ಸಂಪೂರ್ಣವಾಗಿ ಬಾಯಿಪಾಠದ್ದು ಎಂದು ಸಾಬೀತಾದರೆ ಸೊನ್ನೆ ಕೊಡಲು ಅವಕಾಶವಿದೆ.

ಕನ್ನಡಿಗರ ಬರವಣಿಗೆಯಲ್ಲಿ ಮರುಕಳಿಸುವ ಕೆಲವು ದೋಷಗಳಿಗೆ ಬೇರು ಕನ್ನಡದ ರಚನೆಯಲ್ಲಿದೆ. ಕನ್ನಡದಲ್ಲಿ ಆರ್ಟಿಕಲ್‌ಗಳಿಲ್ಲ; ಹಾಗಾಗಿ ‘ಎ’, ‘ದ’ಗಳು ಬೇಕಾದ ಕಡೆ ಬಿಟ್ಟುಹೋಗುತ್ತವೆ, ಬೇಡದ ಕಡೆ ಬರುತ್ತವೆ. ವಿಭಕ್ತಿ ಪ್ರತ್ಯಯಗಳ ಕೆಲಸವನ್ನು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಪ್ರೆಪೊಸಿಷನ್‌ಗಳು ಮಾಡುತ್ತವೆ. ‘ವಿಷಯದ ಕುರಿತು ಚರ್ಚಿಸು’ ಎಂಬ ರೂಢಿಯೇ ‘ಡಿಸ್ಕಸ್ ಅಬೌಟ್’ ಆಗಿ ಇಳಿಯುತ್ತದೆ. ‘ಹೋಗಿ, ನೋಡಿ, ತಿಳಿದು, ಬರೆದು’ ಎಂದು ಕ್ರಿಯೆಗಳನ್ನು ಪೋಣಿಸಿ ಕೊನೆಯಲ್ಲಿ ಒಂದೇ ಕ್ರಿಯಾಪದಕ್ಕೆ ತಂದು ನಿಲ್ಲಿಸುವುದು ಕನ್ನಡದಲ್ಲಿ ಸಹಜ ಮತ್ತು ಸುಂದರ. ಇಂಗ್ಲಿಷಿನಲ್ಲಿ ಅದು ಅಲ್ಪವಿರಾಮಗಳಿಂದ ಅಂಟಿಸಿದ ಮುಗಿಯದ ವಾಕ್ಯವಾಗುತ್ತದೆ. 7ನೇ ಬ್ಯಾಂಡಿಗೆ ತಪ್ಪಿಲ್ಲದ ವಾಕ್ಯಗಳು ಪದೇಪದೇ ಸಿಗಬೇಕೆಂಬ ನಿರೀಕ್ಷೆಯಿದೆ. ಇಂಥ ಸಣ್ಣ ದೋಷ ವಾಕ್ಯಕ್ಕೊಂದರಂತೆ ಇದ್ದರೆ, ಅರ್ಥ ಎಷ್ಟೇ ಸ್ಪಷ್ಟವಿದ್ದರೂ, ವ್ಯಾಕರಣದ ಅಂಕ 6ನ್ನು ದಾಟುವುದು ಕಷ್ಟ. ಕೊನೆಯ ನಾಲ್ಕೈದು ನಿಮಿಷವನ್ನು ಹೊಸ ವಿಚಾರಕ್ಕೆ ಬಳಸದೆ ತನ್ನದೇ ಎರಡು ಮೂರು ಖಾಯಂ ತಪ್ಪುಗಳ ಬೇಟೆಗೆ ಮೀಸಲಿಡುವುದು ಈ ಕಾರಣಕ್ಕೇ.

ಕೋಚಿಂಗ್, ಸಾಮಗ್ರಿ, ಕಾಲಾವಧಿ

ಎಷ್ಟು ದಿನದ ತಯಾರಿ ಬೇಕು ಎಂಬುದು ಎಲ್ಲರ ಮೊದಲ ಪ್ರಶ್ನೆ. ಜಾಹೀರಾತುಗಳ ಉತ್ತರ ‘ಹದಿನೈದೇ ದಿನ’. ಸಂಶೋಧನೆಯ ಉತ್ತರ ಅಷ್ಟು ಹುರುಪಿನದಲ್ಲ. ಕ್ಯಾಥರಿನ್ ಎಲ್ಡರ್ ಮತ್ತು ಕೀರನ್ ಓಲಾಫ್ಲಿನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಹತ್ತು ಹನ್ನೆರಡು ವಾರ ತೀವ್ರವಾಗಿ ಇಂಗ್ಲಿಷ್ ಕಲಿತವರನ್ನು ಪರಿಶೀಲಿಸಿತು. ಸರಾಸರಿ ಏರಿಕೆ ಅರ್ಧ ಬ್ಯಾಂಡಿನ ಆಸುಪಾಸು. ಅದೂ ಇಂಗ್ಲಿಷ್ ಮಾತಾಡುವ ನಾಡಿನಲ್ಲಿದ್ದುಕೊಂಡು. ಆಂಟನಿ ಗ್ರೀನ್ ಬ್ರಿಟನ್ನಿನಲ್ಲಿ ನಡೆಸಿದ, 2007ರಲ್ಲಿ ಪುಸ್ತಕವಾಗಿ ಬಂದ ಅಧ್ಯಯನ ಇನ್ನೂ ಕುತೂಹಲಕರ. ಪರೀಕ್ಷೆಗೆಂದೇ ಇರುವ ಕೋರ್ಸುಗಳಲ್ಲಿ ಓದಿದವರು, ವಿಶ್ವವಿದ್ಯಾಲಯದ ಓದಿಗೆ ಅಣಿಗೊಳಿಸುವ ಸಾಮಾನ್ಯ ಇಂಗ್ಲಿಷ್ ಕೋರ್ಸುಗಳಲ್ಲಿ ಓದಿದವರಿಗಿಂತ ಬರವಣಿಗೆಯಲ್ಲಿ ಮುಂದೆ ಹೋದದ್ದಕ್ಕೆ ಅಲ್ಲಿ ಸ್ಪಷ್ಟ ಪುರಾವೆ ಸಿಗಲಿಲ್ಲ. ಪರೀಕ್ಷೆಯ ಸ್ವರೂಪ ಪರಿಚಯವಾಗಲು ಕೆಲವು ವಾರ ಸಾಕು, ಭಾಷೆ ಬೆಳೆಯಲು ತಿಂಗಳುಗಳೇ ಬೇಕು. ಈಗಿನ ಬ್ಯಾಂಡಿಗೂ ಬೇಕಾದ ಬ್ಯಾಂಡಿಗೂ ಒಂದು ಪೂರ್ತಿ ಅಂಕದ ದೂರವಿದ್ದವರು ಪರೀಕ್ಷೆಯ ದಿನಾಂಕವನ್ನು ಕೊನೆಗೆ ಗೊತ್ತುಮಾಡಿಕೊಳ್ಳುವುದು ಲೇಸು.

ಆದರೂ ಕೋಚಿಂಗ್ ಉದ್ಯಮ ದೊಡ್ಡದು. ಪಂಜಾಬಿನ ಜಲಂಧರ್, ಲೂಧಿಯಾನಗಳ ರಸ್ತೆಗಳಲ್ಲಿ ಬ್ಯಾಂಡುಗಳ ಫ್ಲೆಕ್ಸ್‌ಗಳು ಸಾಲುಗಟ್ಟಿವೆ. ಅಲ್ಲಿನ ವಿವಾಹ ಜಾಹೀರಾತುಗಳಲ್ಲಿ ವಧುವಿನ ಬ್ಯಾಂಡೂ ಅರ್ಹತೆಯಾಗಿ ಕಾಣಿಸಿಕೊಂಡಿದೆ. ಕೇರಳದಲ್ಲಿ ನರ್ಸುಗಳಿಗಾಗಿಯೇ ಮೀಸಲಾದ ಕೇಂದ್ರಗಳಿವೆ. ಕರ್ನಾಟಕದಲ್ಲಿ ಇದು ಬಹುಮಟ್ಟಿಗೆ ಬೆಂಗಳೂರು, ಮಂಗಳೂರಿನ ವಿದ್ಯಮಾನ. ಒಳ್ಳೆಯ ಶಿಕ್ಷಕರಿಂದ ಸಿಗುವ ನಿಜವಾದ ಲಾಭವೆಂದರೆ ಬರೆದದ್ದನ್ನು ಓದಿ ತಿದ್ದಿಕೊಡುವ ಇನ್ನೊಂದು ಕಣ್ಣು. ಓದಿನ ಉತ್ತರವನ್ನು ಕೀಲಿ ಇಟ್ಟುಕೊಂಡು ಸ್ವತಃ ತಾಳೆ ನೋಡಬಹುದು. ಸ್ವಂತ ಪ್ರಬಂಧದ ತಪ್ಪು ಸ್ವಂತಕ್ಕೆ ಕಾಣುವುದು ವಿರಳ. ಐವತ್ತು ಜನರ ಬ್ಯಾಚಿನಲ್ಲಿ ಯಾರ ಪ್ರಬಂಧವನ್ನೂ ತಿದ್ದದೆ ‘ತಂತ್ರ’ಗಳನ್ನು ಹೇಳಿ ಕಳಿಸುವ ಕಡೆ ಆ ಲಾಭವೂ ಇಲ್ಲ.

ವ್ಯಾಪಾರದ ಕತ್ತಲ ಬದಿ 2022ರಲ್ಲಿ ಹೊರಬಿತ್ತು. ಕೆನಡಾದಿಂದ ಗಡಿ ದಾಟಿ ಅಮೆರಿಕಕ್ಕೆ ನುಸುಳುವಾಗ ಸಿಕ್ಕಿಬಿದ್ದ ಗುಜರಾತಿನ ಕೆಲವು ಯು‍ವಕರು ಉತ್ತಮ ಬ್ಯಾಂಡಿನ ಪ್ರಮಾಣಪತ್ರ ಹೊಂದಿದ್ದರೂ ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸಲಾರದೆ ಹೋದರು. ಮೆಹ್ಸಾಣಾ ಪೊಲೀಸರು ಪರೀಕ್ಷಾ ಅಕ್ರಮದ ತನಿಖೆಗೆ ಇಳಿದರು.

ಅಭ್ಯಾಸ ಸಾಮಗ್ರಿಗಳಲ್ಲಿ ಮೊದಲ ಸ್ಥಾನ ಕೇಂಬ್ರಿಜ್ ಪ್ರಕಟಿಸುವ ಅಧಿಕೃತ ಪರೀಕ್ಷಾ ಸಂಪುಟಗಳಿಗೆ. 1996ರಲ್ಲಿ ಆರಂಭವಾದ ಈ ಸರಣಿಯ ಪ್ರತಿ ಸಂಪುಟದಲ್ಲಿ ನಾಲ್ಕು ಪೂರ್ಣ ಪತ್ರಿಕೆಗಳಿರುತ್ತವೆ. ಈಚಿನವುಗಳಲ್ಲಿ ಅಕಾಡೆಮಿಕ್ ಮತ್ತು ಜನರಲ್‌ಗೆ ಪ್ರತ್ಯೇಕ ಪುಸ್ತಕಗಳಿವೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಇಂಥ ಪುಸ್ತಕ ಕೊಳ್ಳುವವರು ಒಂದು ವಿಷಯ ಗಮನಿಸಬೇಕು: ಹಿಂದಿನ ಮಾಲೀಕರು ಉತ್ತರಗಳನ್ನು ಗುರುತು ಹಾಕಿದ್ದರೆ ಅದು ಅಭ್ಯಾಸಕ್ಕೆ ಬಾರದು. ಈ ಸಂಪುಟಗಳಲ್ಲಿ ಅಭ್ಯರ್ಥಿಗಳು ಬರೆದ ಮಾದರಿ ಉತ್ತರಗಳೂ ಅವುಗಳ ಮೇಲೆ ಪರೀಕ್ಷಕರ ಟಿಪ್ಪಣಿಯೂ ಇರುತ್ತವೆ. ಎಲ್ಲರೂ ಹಾರಿಸುವ ಆ ಹಿಂಬದಿಯ ಪುಟಗಳೇ ಬರವಣಿಗೆಗೆ ಅತ್ಯುತ್ತಮ ಪಾಠ. ದೈನಂದಿನ ಓದಿಗೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ, ವಿಜ್ಞಾನದ ಜನಪ್ರಿಯ ಲೇಖನಗಳು ಸಾಕು.

ಕಂಪ್ಯೂಟರ್ ಮೇಲೆ ಬರೆಯುವವರ ಸಿದ್ಧತೆ ತುಸು ಬೇರೆ. ಪರದೆಯ ಒಂದು ಬದಿ ಪಠ್ಯ, ಇನ್ನೊಂದು ಬದಿ ಪ್ರಶ್ನೆ; ಮೌಸಿನಿಂದ ಸಾಲುಗಳಿಗೆ ಬಣ್ಣ ಹಚ್ಚಬಹುದು. ಬರೆಯುತ್ತಿದ್ದಂತೆ ಪದಗಳ ಎಣಿಕೆ ಕಾಣಿಸುತ್ತದೆ, ವಾಕ್ಯವನ್ನು ಕತ್ತರಿಸಿ ಬೇರೆಡೆ ಅಂಟಿಸಬಹುದು, ಆದರೆ ಸ್ಪೆಲಿಂಗ್ ತಿದ್ದುವ ಸೌಲಭ್ಯ ಇಲ್ಲ. ಮೊಬೈಲಿನ ಆಟೋಕರೆಕ್ಟ್‌ಗೆ ಒಗ್ಗಿದ ಬೆರಳುಗಳಿಗೆ ಇದು ಮೊದಲ ಆಘಾತ. ಬ್ರಿಟಿಷ್, ಅಮೆರಿಕನ್ ಎರಡೂ ಸ್ಪೆಲಿಂಗ್ ನಡೆಯುತ್ತದೆ.

ಫಲಿತಾಂಶದ ಬಗ್ಗೆ ಅಸಮಾಧಾನವಿದ್ದವರು ಶುಲ್ಕ ಕಟ್ಟಿ ಮರುಮೌಲ್ಯಮಾಪನ ಕೇಳಬಹುದು. ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಅರ್ಜಿ ಕೊಡಬೇಕು, ಬ್ಯಾಂಡ್ ಬದಲಾದರೆ ಹಣ ಮರಳಿ ಬರುತ್ತದೆ. ಓದಿನಲ್ಲಿ ಉತ್ತರ ಸರಿ ಅಥವಾ ತಪ್ಪು, ಎರಡೇ. ಬರವಣಿಗೆಗೆ ಅಂಕ ಕೊಡುವುದು ಮನುಷ್ಯರಾದ್ದರಿಂದ ಇಂಥ ಅರ್ಜಿಗೆ ಅಲ್ಲಿ ಹೆಚ್ಚು ಅರ್ಥವಿದೆ. 2023ರಿಂದ ಭಾರತದಲ್ಲಿ ಇನ್ನೊಂದು ಬಾಗಿಲೂ ತೆರೆದಿದೆ. ಕಂಪ್ಯೂಟರ್ ಮೇಲೆ ಪರೀಕ್ಷೆ ಬರೆದವರು ನಾಲ್ಕರಲ್ಲಿ ಯಾವುದಾದರೂ ಒಂದು ವಿಭಾಗವನ್ನು ಮಾತ್ರ 60 ದಿನದೊಳಗೆ ಮತ್ತೊಮ್ಮೆ ತೆಗೆದುಕೊಳ್ಳಬಹುದು. ಉಳಿದ ಮೂರರ ಹಳೆಯ ಬ್ಯಾಂಡುಗಳೊಂದಿಗೆ ಹೊಸ ಪ್ರಮಾಣಪತ್ರ ಬರುತ್ತದೆ. ಎಲ್ಲ ಸಂಸ್ಥೆಗಳೂ ಅದನ್ನು ಒಪ್ಪುವುದಿಲ್ಲ; ಬರವಣಿಗೆಯ ಅರ್ಧ ಬ್ಯಾಂಡಿಗಾಗಿ ಮತ್ತೆ ಹಣ ಕಟ್ಟುವ ಮುನ್ನ ಅರ್ಜಿ ಹಾಕುವ ವಿಶ್ವವಿದ್ಯಾಲಯವನ್ನೋ ವಲಸೆ ಇಲಾಖೆಯನ್ನೋ ವಿಚಾರಿಸಿಕೊಳ್ಳಬೇಕಾಗುತ್ತದೆ.